ಬೆಡ್‌ಶೀಟಿನ ಕುಪ್ಪಸ

ಗ್ರಂಥಾಲಯದ ಕಟ್ಟಡಕ್ಕೆ ನೂರೈವತ್ತು ವರ್ಷ ತುಂಬುತ್ತದೆ, ಅವತ್ತು ಸಿಬ್ಬಂದಿಯೆಲ್ಲ ಕಟ್ಟಡ ಕಟ್ಟಿದ ಕಾಲದ ಉಡುಪಿನಲ್ಲಿ ಬರಬೇಕು ಎಂದು ದೊಡ್ಡ ಮೇಡಂ ನೋಟಿಸು ಹಾಕಿದರು. ಓದಿದವರೆಲ್ಲ ಮುಖ ಹುಳ್ಳಗೆ ಮಾಡಿಕೊಂಡರು. ಪುಸ್ತಕ ಕೊಡುವ ಕೌಂಟರಿನಲ್ಲಿ ಕೂರುವವಳು ಮಾತ್ರ ಖುಷಿಯಲ್ಲಿ ಮನೆಗೆ ಬಂದು ಗಂಡನೆದುರು ಘೋಷಿಸಿದಳು.

"ನಾನೇ ಹೊಲಿತೀನಿ ರೀ. ಆ ಕಾಲದ ದೊರೆಸಾನಿಯರ ಥರ ನೆಲ ಗುಡಿಸೋ ಅಂಥ ಗೌನು. ಬೆನ್ನಿಗೆ ಲಾಡಿ, ಹೆಗಲಲ್ಲಿ ಬುಗ್ಗೆ ತೋಳು, ಎಲ್ಲ."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಅರ್ಧಕ್ಕೆ ನಿಂತ ಯಂತ್ರಗಳನ್ನು ನೋಡಿ ನೋಡಿ ಯಾವ ಹೊಸ ಕೆಲಸದ ಮೇಲೂ ಅವನಿಗೆ ಭರವಸೆ ಉಳಿದಿರಲಿಲ್ಲ.

"ಬಾಡಿಗೆಗೆ ಸಿಗುತ್ತಲ್ಲ?"

"ಅದರಲ್ಲಿ ಯಾರ್ಯಾರದೋ ಬೆವರಿನ ವಾಸನೆ ಇರುತ್ತೆ."

"ನೀನು ಇಲ್ಲಿವರೆಗೂ ಹೊಲಿದಿರೋದು ದಿಂಬಿನ ಕವರು ಮಾತ್ರ."

"ಅದಕ್ಕೆ ಯಾರಾದ್ರೂ ಹೆಸರಿಟ್ಟಿದ್ದಾರಾ?"

"ದಿಂಬು ಬಾಯಿ ಬಿಡಲ್ಲ ಕಣೆ."

ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಂಡೂ ಕೇಳದವರಂತೆ ಪೇಪರಿನ ಪುಟ ತಿರುವಿದರು. ಲೆಕ್ಕದ ಮೇಡಂ ಆಗಿ ನಿವೃತ್ತರಾದವರು ಅವರು. ಅತ್ತೆ ಸೊಸೆಗೆ ಜಗಳವಿರಲಿಲ್ಲ. ಜಗಳವಾಡುವಷ್ಟು ಮಾತೂ ಇರಲಿಲ್ಲ. "ಊಟ ಆಯ್ತಾ ಅತ್ತೆ?" "ಆಯ್ತು." "ಮಲಗ್ತೀರಾ?" "ಹೂಂ." ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಉಳಿದಂತೆ ಆ ಮನೆಯಲ್ಲಿ ಕೇಳುತ್ತಿದ್ದದ್ದು ಅತ್ತೆಯ ಬೆನ್ನುನೋವಿನ ಸದ್ದು: ಕೂರುವಾಗ ಒಂದು "ಅಯ್ಯೋ", ಏಳುವಾಗ ಒಂದು "ಅಪ್ಪಾ", ಬಗ್ಗುವಾಗ ಎರಡೂ. ವರ್ಷಗಟ್ಟಲೆ ಕೇಳಿ ಮಗನಿಗೂ ಸೊಸೆಗೂ ಅದು ಫ್ಯಾನಿನ ಸದ್ದಿನಂತೆ ಅಭ್ಯಾಸವಾಗಿಬಿಟ್ಟಿತ್ತು.

ಸೊಸೆ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹಳೆಯ ಕಾಲದ ಗೌನೊಂದರ ಪ್ಯಾಟರ್ನ್ ಇಳಿಸಿಕೊಂಡಳು. ಪ್ಯಾಟರ್ನ್ ಎಂದರೆ ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ಕಾಗದ. ಪ್ರಿಂಟು ತೆಗೆದರೆ ಅದು ಕಂತೆಯಾಗಿ ಬಂತು. ಒಂದಕ್ಕೊಂದು ಟೇಪು ಹಚ್ಚಿ ಜೋಡಿಸಿದಾಗ ಹಾಲಿನ ನೆಲವೆಲ್ಲ ಕಾಗದವಾಗಿ, ಮನೆಯವರು ಗೋಡೆಗೆ ಬೆನ್ನು ಉಜ್ಜಿಕೊಂಡು ಓಡಾಡಬೇಕಾಯಿತು. ಸ್ನಾನ ಮುಗಿಸಿ ಬಂದ ಗಂಡನ ಒದ್ದೆ ಪಾದಕ್ಕೆ ಎಡಗೈ ತೋಳು ಅಂಟಿಕೊಂಡಿತು. ಅವನು ಅದನ್ನು ಎಳೆದುಕೊಂಡೇ ಅಡುಗೆಮನೆಗೆ ಹೋಗಿ, ಕಾಫಿ ಕುಡಿದು, ಚಪ್ಪಲಿ ಹಾಕುವಾಗ ನೋಡಿಕೊಂಡ.

"ರೀ, ತೋಳೆಲ್ಲಿ? ಬೆಳಗ್ಗೆಯಿಂದ ಹುಡುಕ್ತಿದೀನಿ!"

"ನನ್ನ ಕಾಲಲ್ಲಿದೆ."

ತೋಳಿನ ಗತಿ ಹಾಗಾದರೆ ಸೊಂಟದ ಗತಿ ಇನ್ನೊಂದು. ಪ್ಯಾಟರ್ನಿನ ಸೊಂಟ ಇಪ್ಪತ್ನಾಲ್ಕು ಇಂಚು, ಅವಳದ್ದು ಮೂವತ್ತೆರಡು. ಗಂಡ ಅಳತೆಯ ಟೇಪು ಹಿಡಿದು ನೋಡಿ, "ಇದೇನು ಸೊಂಟದ ಅಳತೆಯೋ ಕತ್ತಿನ ಅಳತೆಯೋ? ಆ ಕಾಲದವರು ಊಟ ಮಾಡ್ತಾ ಇದ್ರಾ ಇಲ್ವಾ?" ಎಂದ. ಅವಳು ಹಿಂಜರಿಯಲಿಲ್ಲ. ಎಂಟು ಇಂಚು ಹೆಚ್ಚಬೇಕು, ಗೌನಿನ ಮೇಲ್ಭಾಗದ ಕುಪ್ಪಸಕ್ಕೆ ಕಾಗದದ ತುಂಡು ನಾಲ್ಕಿವೆ, ಅಂದರೆ ತುಂಡಿಗೆ ಎರಡಿಂಚು ಎಂದು ಬಾಯಿಬಿಟ್ಟೇ ಲೆಕ್ಕ ಹಾಕಿದಳು. ಪ್ರತಿ ತುಂಡನ್ನೂ ಮಧ್ಯಕ್ಕೆ ಸೀಳಿ, ನಡುವೆ ಎರಡಿಂಚು ಪೇಪರು ತೇಪೆ ಹಾಕಿದಳು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆ ಬಟ್ಟೆಯಲ್ಲಿ ಒಂದು ಹೊಲಿದು ನೋಡಬೇಕೆಂದು ಎಲ್ಲೋ ಓದಿದ್ದಳು. ಮಾಸಿದ ಬೆಡ್‌ಶೀಟೊಂದಿತ್ತು, ಹರಿವಾಣದಷ್ಟು ದೊಡ್ಡ ಕೆಂಪು ಹೂವಿನದು. ಅದನ್ನೇ ಎರಡು ಮಡಿಕೆ ಮಾಡಿ ಕತ್ತರಿಸಿ, ಹೊಲಿದು, ಹಾಕಿಕೊಂಡು ಹೊರಗೆ ಬಂದಳು.

ಕುಪ್ಪಸ ಅವಳ ಮೈಗೆ ತಾಗಿಯೇ ಇರಲಿಲ್ಲ. ಒಳಗೆ ಒಂದು ದಿಂಬು ಇಟ್ಟುಕೊಂಡರೂ ಜಾಗ ಉಳಿಯುತ್ತಿತ್ತು.

ಗಂಡ ತುಟಿ ಕಚ್ಚಿ ಹಿಡಿದ. ಆದರೆ ಮೂಲೆಯಿಂದ ಖೊಕ್ ಎಂದು ಸದ್ದು ಬಂತು. ಅತ್ತೆ ನಗುತ್ತಿದ್ದರು! ಬೆನ್ನು ಹಿಡಿದುಕೊಂಡು, "ಅಯ್ಯೋ, ಅಪ್ಪಾ" ಎನ್ನುತ್ತ, ಕಣ್ಣಲ್ಲಿ ನೀರು ಬರುವಂತೆ.

"ತುಂಡು ನಾಲ್ಕು ಅಂದ್ಯಲ್ಲ. ಬಟ್ಟೆ ಎರಡು ಮಡಿಕೆ ಮಾಡಿ ಕತ್ತರಿಸಿದ್ಯೋ ಇಲ್ವೋ?"

"ಮಾಡಿದೆ."

"ಹಾಗಾದ್ರೆ ಎಷ್ಟು ತುಂಡಾಯ್ತು?"

"...ಎಂಟು."

"ಎಂಟೆರಡ್ಲ?"

"ಹದಿನಾರು," ಎಂದಳು ಸೊಸೆ, ತಪ್ಪು ಮಾಡಿದ ಹುಡುಗಿಯಂತೆ.

"ಪಾಸು. ತಗೊಂಡು ಬಾ ಕಾಗದ."

ಅವತ್ತಿನಿಂದ ಕೆಲಸಕ್ಕೆ ಇಬ್ಬರಾದರು. ಸೀಳಿದ್ದನ್ನು ಮತ್ತೆ ಸೀಳಿ ತುಂಡಿಗೊಂದು ಇಂಚು ಕಡಿಮೆ ಮಾಡಿ, ಹೂವಿನ ಕುಪ್ಪಸವನ್ನೂ ಅದೇ ಅಳತೆಗೆ ಬಿಚ್ಚಿ ಹೊಲಿದರು. ಆ ಕಾಲದಲ್ಲಿ ಕುಪ್ಪಸ ನೆಟ್ಟಗೆ ನಿಲ್ಲಲೆಂದು ತಿಮಿಂಗಿಲದ ಬಾಯಿಂದ ತೆಗೆದ ಪಟ್ಟಿಗಳನ್ನು ಹೊಲಿಗೆಯೊಳಗೆ ತೂರಿಸುತ್ತಿದ್ದರಂತೆ. "ಈಗ ತಿಮಿಂಗಿಲಕ್ಕೆ ಎಲ್ಲಿಗೆ ಹೋಗೋದು?" ಎಂದು ಸೊಸೆ ತಲೆ ಮೇಲೆ ಕೈ ಹೊತ್ತು ಕೂತಾಗ, ಗಂಡ ತನ್ನ ಕೆಲಸದ ಚೀಲದಿಂದ ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳ ಕಟ್ಟೊಂದನ್ನು ತೆಗೆದುಕೊಟ್ಟ. ಅಷ್ಟು ಮಾಡಿ ಅವನು ತನ್ನ ಪಾಲು ಮುಗಿಯಿತೆಂದುಕೊಂಡ. ಪಟ್ಟಿ ತೂರಿಸಿದ ಹೂವಿನ ಕುಪ್ಪಸ ಹಲಗೆಯಂತೆ ನೆಟ್ಟಗೆ ನಿಂತಿತು.

ಉಳಿದದ್ದು ಒಂದೇ ಸಮಸ್ಯೆ. ತನ್ನ ಬೆನ್ನಿಗೆ ತಾನೇ ಗುಂಡುಸೂಜಿ ಚುಚ್ಚಿಕೊಳ್ಳಲು ಯಾರಿಗೂ ಬರುವುದಿಲ್ಲ. ಅವಳದೇ ಮೈಯಳತೆಯ ಇನ್ನೊಬ್ಬರು ಎದುರಿಗೆ ನಿಲ್ಲಬೇಕು. ಗಂಡನನ್ನು ನಿಲ್ಲಿಸಿದರೆ ಹೊಟ್ಟೆ ಅಡ್ಡ ಬಂತು. ಕೊನೆಗೆ ಟೇಪು ಅತ್ತೆಯ ಸುತ್ತ ಹೋಯಿತು. ಎದೆ, ಸೊಂಟ, ಬೆನ್ನಿನುದ್ದ, ಎಲ್ಲ ಹೇಳಿ ಮಾಡಿಸಿದ ಹಾಗೆ ಸೊಸೆಯದೇ ಅಳತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇಬ್ಬರಿಗೂ ಅದು ಗೊತ್ತಿರಲಿಲ್ಲ.

"ಹತ್ತು ನಿಮಿಷ ನಿಲ್ತೀನಿ, ಅಷ್ಟೇ. ಬೆನ್ನು ಕೇಳಲ್ಲ," ಎಂದರು ಅತ್ತೆ.

ಸೊಸೆ ಅವರ ಬಟ್ಟೆಯ ಮೇಲೆಯೇ ಹೂವಿನ ಕುಪ್ಪಸ ತೊಡಿಸಿ, ಹಿಂದಿನಿಂದ ಲಾಡಿ ಎಳೆದು ಕಟ್ಟಿದಳು. ಅತ್ತೆ ಬೆನ್ನು ನೆಟ್ಟಗೆ ಮಾಡಿ ನಿಂತರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ನಿಧಾನವಾಗಿ ಕುರ್ಚಿಯಲ್ಲಿ ಕೂತರು. "ಅಯ್ಯೋ" ಬರಲಿಲ್ಲ. ಎದ್ದರು. "ಅಪ್ಪಾ" ಬರಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ಕೂತು ಎದ್ದರು.

"ಬಿಗಿಯಾಯ್ತಾ ಅತ್ತೆ? ತೆಗೀಲಾ?"

"ಇರ್ಲಿ. ಸ್ವಲ್ಪ ಇರ್ಲಿ."

ಆ ಸ್ವಲ್ಪ ಊಟದವರೆಗೂ ಹೋಯಿತು. ಮರುದಿನ ಬೆಳಿಗ್ಗೆ ಸೊಸೆ ಹಲ್ಲುಜ್ಜಿ ಬರುವಷ್ಟರಲ್ಲಿ ಅತ್ತೆ ಕುಪ್ಪಸ ತೊಟ್ಟು, ಬೆನ್ನು ತೋರಿಸಿ ಬಾಗಿಲಲ್ಲಿ ನಿಂತಿದ್ದರು. "ಕಟ್ಟು." ಕಟ್ಟಿಸಿಕೊಂಡವರು ಚೀಲ ಹಿಡಿದು ತರಕಾರಿ ಮಾರುಕಟ್ಟೆಗೆ ಹೊರಟೇಬಿಟ್ಟರು. ದಂಡನಾಯಕನ ಹಾಗೆ ಎದೆಯುಬ್ಬಿಸಿ, ಕೆಂಪು ಹೂವು ಮುಂದಿಟ್ಟುಕೊಂಡು ಅವರು ನಡೆದು ಬಂದರೆ ಜನ ತಾವಾಗಿ ದಾರಿ ಬಿಟ್ಟರಂತೆ. ಬಗ್ಗಲು ಮಾತ್ರ ಆಗುತ್ತಿರಲಿಲ್ಲ. ಕೆಳಗಿನ ಬುಟ್ಟಿಯ ಬದನೆಕಾಯಿಯನ್ನು ಬೆರಳಲ್ಲಿ ತೋರಿಸಿ, ಒಂದೊಂದನ್ನೂ ಎತ್ತಿ, ತಿರುಗಿಸಿ ತೋರಿಸಲು ಹೇಳಿದರಂತೆ. ತರಕಾರಿಯವಳು ಬೆವತುಹೋದಳು. "ಆಸ್ಪತ್ರೆಯವ್ರು ಕೊಟ್ಟಿದ್ದಾಮ್ಮಾ?" ಎಂದು ಕೇಳಿದ್ದಕ್ಕೆ, "ಅಲ್ಲ, ಹಳೇ ಕಾಲದ್ದು," ಎಂದು ಹೇಳಿ ಬಂದರು.

ಸೊಸೆಗೆ ಮೊದಮೊದಲು ಮೋಜೆನಿಸಿತು. ಆದರೆ ಸೀಳಿ ಸೀಳಿ ಚಿಂದಿಯಾದ ಕಾಗದ ಇನ್ನು ಕೆಲಸಕ್ಕೆ ಬರುತ್ತಿರಲಿಲ್ಲ; ಕುಪ್ಪಸವನ್ನು ಬಿಚ್ಚಿ, ಆ ತುಂಡುಗಳನ್ನೇ ಇಟ್ಟು ಒಳ್ಳೆಯ ಬಟ್ಟೆ ಕತ್ತರಿಸಬೇಕಿತ್ತು. ಸಮಾರಂಭ ಹತ್ತಿರವಾಯಿತು. ಅತ್ತೆ ಕುಪ್ಪಸ ಬಿಡಲಿಲ್ಲ. ನಯವಾಗಿ ಕೇಳಿದಳು, "ಒಗೀಬೇಕಲ್ವಾ ಅತ್ತೆ?" "ನಾನೇ ಒಗ್ಕೋತೀನಿ." ಗಂಡನಿಗೆ ಹೇಳಿದಳು. ಅವನು ಅಮ್ಮನ ಹತ್ತಿರ ಹೋಗಿ, ಕೆಮ್ಮಿ, ಯಾವುದೋ ಕಟ್ಟಡದ ಲಿಫ್ಟ್ ಕೆಟ್ಟಿದೆಯೆಂದು ಕಾಲಿಗೆ ಬುದ್ಧಿ ಹೇಳಿದ.

ಕೊನೆಗೆ ಒಂದು ಭಾನುವಾರ ಅವಳು ಕತ್ತರಿ ಹಿಡಿದೇ ಎದುರು ನಿಂತಳು.

"ಅತ್ತೆ, ಬಿಚ್ಚಿ."

"ಬಿಚ್ಚಲ್ಲ."

"ಅದು ನನ್ನ ಗೌನಿಗೆ ಮಾಡಿದ್ದು! ನಿಮಗೆ ಆಟ ಆಗ್ಬಿಟ್ಟಿದೆ!"

"ಆಟಾನಾ?" ಅತ್ತೆ ಸಿಟ್ಟಿನಿಂದ ಎದ್ದರು. ಎದ್ದರೇ ಹೊರತು ಕಿರುಚಲಾಗಲಿಲ್ಲ. ಕಿರುಚಲು ಬೇಕಾದಷ್ಟು ಉಸಿರಿಗೆ ಕುಪ್ಪಸ ಜಾಗ ಕೊಡುತ್ತಿರಲಿಲ್ಲ. ಅವರ ಕೋಪ ಕಂತುಕಂತಾಗಿ ಹೊರಬಂತು. "ಇಷ್ಟು ವರ್ಷ... ನೋವು ಅಂದೆ... ಯಾರಾದ್ರೂ... ಕಿವಿಗೆ... ಹಾಕ್ಕೊಂಡ್ರಾ? ಮುದುಕಿ... ಗೊಣಗ್ತಾಳೆ... ಅಂತ..." ಅಷ್ಟಕ್ಕೆ ಉಸಿರು ಮುಗಿಯಿತು. "ಲಾಡಿ... ಸ್ವಲ್ಪ ಸಡಿಲ ಮಾಡೇ... ಬೈಯೋದು... ಇನ್ನೂ ಇದೆ."

ಸೊಸೆ ಹಿಂದೆ ಹೋಗಿ ಲಾಡಿ ಸಡಿಲಿಸಿದಳು. ಅತ್ತೆ ದೀರ್ಘವಾಗಿ ಉಸಿರೆಳೆದುಕೊಂಡರು. ಆದರೆ ಬೈಗುಳ ಬರಲಿಲ್ಲ, ಕಣ್ಣೀರು ಬಂತು.  ಎದುರಿಗೇ ನರಳುತ್ತಿದ್ದವರನ್ನು ತಾನು ನಿಜವಾಗಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ ಎಂಬುದು ಸೊಸೆಗೆ ಆಗಲೇ ಹೊಳೆದದ್ದು. ಕತ್ತರಿಯನ್ನು ಮೆಷಿನ್ನಿನ ಮೇಲಿಟ್ಟಳು.

"ನಾಳೆ ಬೆನ್ನಿನ ಡಾಕ್ಟರ ಹತ್ರ ಹೋಗೋಣ ಅತ್ತೆ."

"ನಾಳೆ ಆಗಲ್ಲ. ನಿನ್ನ ಗೌನು ಮುಗೀಬೇಕಲ್ಲ," ಎಂದರು ಅತ್ತೆ ಮೂಗು ಒರೆಸಿಕೊಳ್ಳುತ್ತ. "ಬಿಚ್ಚದೇನೇ ಅಳತೆ ತಗೊಳ್ಳೋಕೆ ಬರಲ್ವಾ ನಿಂಗೆ? ಮೇಲೆ ಕಾಗದ ಇಟ್ಟು ಗೀಟು ಎಳಿ. ಮೈ ಮೇಲೇ."

ಹಾಗೇ ಮಾಡಿದರು. ಸೊಸೆ ಅತ್ತೆಯ ಮೈಗೆ ತೆಳ್ಳನೆಯ ಕಾಗದ ಹೊದಿಸಿ, ಹೊಲಿಗೆಯ ಗೆರೆಯುದ್ದಕ್ಕೂ ಪೆನ್ಸಿಲ್ ಓಡಿಸಿದಳು. ಕಂಕುಳ ಹತ್ತಿರ ಬಂದಾಗಲೆಲ್ಲ ಅತ್ತೆ ಕಚಗುಳಿಯಾಗಿ ಕುಣಿದು ಗೆರೆ ಸೊಟ್ಟಗಾಯಿತು. ಅಳಿಸಿದರು, ಮತ್ತೆ ಎಳೆದರು. ಮತ್ತೆ ಕುಣಿದರು. ಸೊಸೆ ಕೆಲಸಕ್ಕೆ ರಜ ಹಾಕಿದಳು. ಗೌನಿಗೆಂದು ತಂದಿದ್ದ ನೀಲಿ ಬಟ್ಟೆ ಕತ್ತರಿಸಿದರು. ಒಬ್ಬರು ಲಂಗದ ನೆರಿಗೆ ಲೆಕ್ಕ ಹಾಕಿದರೆ ಇನ್ನೊಬ್ಬರು ಗುಂಡುಸೂಜಿ ಚುಚ್ಚಿದರು. ಗಂಡ ಅಡುಗೆಗೆ ನಿಂತ. ಅನ್ನ ಸೀಯಿತು. ಯಾರೂ ಗಮನಿಸಲಿಲ್ಲ.

ಸಮಾರಂಭದ ಬೆಳಿಗ್ಗೆ ಅತ್ತೆ ಲಾಡಿ ಕಟ್ಟಿ, ಮೂರು ಗಂಟು ಹಾಕಿ ಕಳಿಸಿದರು. ಗೌನು ನಿಜಕ್ಕೂ ಚೆನ್ನಾಗಿತ್ತು. ಆಟೋದ ಸೀಟು ಪೂರ್ತಿ ಲಂಗವೇ ತುಂಬಿ, ಚಾಲಕನ ಹೆಗಲ ಮೇಲೂ ಒಂದಷ್ಟು ಬಿದ್ದಿತ್ತು. ಗ್ರಂಥಾಲಯದ ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಹೇಗೋ ಒಳಗೆ ನುಗ್ಗಿ ತಲೆಯೆತ್ತಿ ನೋಡಿದರೆ, ಎಲ್ಲರೂ ದಿನನಿತ್ಯದ ಬಟ್ಟೆಯಲ್ಲಿದ್ದರು. ದೊಡ್ಡ ಮೇಡಂ ಕೂಡ.

"ಅಯ್ಯೋ, ನಿಮಗೆ ಯಾರೂ ಹೇಳ್ಲಿಲ್ವಾ?" ಎಂದಳು ಪಕ್ಕದ ಕೌಂಟರಿನವಳು. "ವೇಷ ಬೇಡ ಅಂತ ಆಯ್ತಲ್ಲ. ನೀವು ರಜದಲ್ಲಿದ್ರಿ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ನುಂಗುವುದಾದರೂ ಲಂಗ ಅಡ್ಡ ಬರುತ್ತಿತ್ತು. ಬಚ್ಚಲುಮನೆಗೆ ಓಡಿ ಬೆನ್ನಿಗೆ ಕೈ ಹಾಕಿದಳು. ಗಂಟು ಬೆರಳಿಗೆ ಸಿಕ್ಕಿತು, ಬಿಚ್ಚಲು ಬರಲಿಲ್ಲ. ಮನೆಗೆ ಫೋನು ಮಾಡಿದಳು.

"ಅತ್ತೆ, ಯಾರೂ ಹಾಕ್ಕೊಂಡು ಬಂದಿಲ್ಲ. ನಾನೊಬ್ಳೇ ಕೋಡಂಗಿ ಥರ ನಿಂತಿದೀನಿ. ಬೇರೆ ಬಟ್ಟೆ ತಗೊಂಡು ಬನ್ನಿ. ಬೇಗ ಬಂದು ಬಿಚ್ಚಿ."

"ಬಂದೆ," ಎಂದು ಅತ್ತೆ ಫೋನಿಟ್ಟರು.

ಭಾಷಣಗಳು ಶುರುವಾದವು. ಸೊಸೆ ಹಿಂದಿನ ಕಪಾಟಿನ ಮರೆಯಲ್ಲಿ ಅಡಗಲು ನೋಡಿದಳು, ಅರ್ಧ ಲಂಗ ಹೊರಗೇ ಉಳಿಯಿತು. ಆಗ ಸಭೆಯಲ್ಲಿ ಗುಸುಗುಸು ಎದ್ದಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು, ತಮ್ಮ ಒಳ್ಳೆಯ ಬಟ್ಟೆಯ ಮೇಲೆ ಬೆಡ್‌ಶೀಟಿನ ಕುಪ್ಪಸ ತೊಟ್ಟು. ಕೈಯಲ್ಲಿ ಚೀಲವಿರಲಿಲ್ಲ. ಸಭೆಯ ನಡುವೆ ನೆಟ್ಟಗೆ ನಡೆದು ಬಂದರು, ಕಪಾಟಿನ ಹಿಂದಿದ್ದ ಸೊಸೆಯ ಕೈ ಹಿಡಿದು ಎಳೆದು ತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು.

"ಬಟ್ಟೆ ಎಲ್ಲಿ ಅತ್ತೆ?" ಎಂದಳು ಅವಳು ಹಲ್ಲು ಬಿಗಿಹಿಡಿದು.

"ಬಿಚ್ಚೋಕೆ ಬಂದಿಲ್ಲ ನಾನು. ಅಷ್ಟು ನೆರಿಗೆ ಲೆಕ್ಕ ಹಾಕಿದ್ದು ಬಚ್ಚಲಲ್ಲಿ ಬಿಚ್ಚಿ ಹಾಕೋಕಾ? ಈಗ ಇಬ್ಬರಾದ್ವಲ್ಲ. ಕತ್ತೆತ್ತು."

ದೊಡ್ಡ ಮೇಡಂ ಅರ್ಧ ವಾಕ್ಯಕ್ಕೆ ನಿಂತಿದ್ದರು. ತಾವೇ ಹಾಕಿದ ನೋಟಿಸು ಅವರಿಗೆ ನೆನಪಾಗಿರಬೇಕು. ಕನ್ನಡಕ ಸರಿಪಡಿಸಿಕೊಂಡು, "ಆ ಕಾಲ ಹೇಗಿತ್ತು ಅಂತ ನಾನು ಹೇಳೋದಕ್ಕಿಂತ, ಇವರನ್ನ ನೋಡಿ," ಎಂದರು. ಚಪ್ಪಾಳೆ ಬಿತ್ತು. ಮಕ್ಕಳು ಬಂದು ಲಂಗ ಮುಟ್ಟಿ ನೋಡಿದರು. ಒಬ್ಬ ಹಿರಿಯ ಓದುಗ ಅತ್ತೆಯ ಹೂವುಗಳನ್ನೇ ತುಂಬ ಹೊತ್ತು ದಿಟ್ಟಿಸಿ, ಈ ವಿನ್ಯಾಸ ಯಾವ ರಾಜಮನೆತನದ್ದು ಎಂದು ವಿಚಾರಿಸಿದ. "ನಮ್ಮ ಮನೇದೇ," ಎಂದರು ಅತ್ತೆ, ಸುಳ್ಳು ಹೇಳದೆ.

ಮರುದಿನ ಇಬ್ಬರೂ ಡಾಕ್ಟರ ಬಳಿ ಹೋದರು. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಜಾರಿರುವುದು ಕಂಡಿತು. ಇಷ್ಟು ದಿನ ಹೇಗೆ ತಡೆದುಕೊಂಡಿರಿ ಎಂದು ಡಾಕ್ಟರು ಕೇಳಿದಾಗ ಸೊಸೆ ತಲೆ ತಗ್ಗಿಸಿದಳು. ವ್ಯಾಯಾಮ ಹೇಳಿಕೊಟ್ಟರು, ಓಡಾಡುವಾಗ ಮಾತ್ರ ಕಟ್ಟಿಕೊಳ್ಳಲು ಒಂದು ಬೆಲ್ಟು ಬರೆದುಕೊಟ್ಟರು. ಮನೆಗೆ ಬಂದು ಅತ್ತೆ ಅದನ್ನು ಕಟ್ಟಿಕೊಂಡು ಕನ್ನಡಿಯೆದುರು ತಿರುಗಿ ನೋಡಿದರು.

"ಅಸ್ತರಿಲ್ಲ, ಆಕಾರ ಇಲ್ಲ. ಇದನ್ನ ಹೊಲಿದವನು ಹೆಂಗಸಿನ ಮೈ ಡಬ್ಬದ ಥರ ಇರುತ್ತೆ ಅಂದ್ಕೊಂಡಿದಾನೆ."

"ಬೆಲ್ಟಿನ ಪಟ್ಟಿ ಹಾಗೇ ಇರ್ಲಿ, ಪಕ್ಕದ ಹೊಲಿಗೆ ಮಾತ್ರ ಬಿಚ್ಚಿ ಅಸ್ತರು ಹಾಕೋಣವಾ?" ಎಂದಳು ಸೊಸೆ, ಆಗಲೇ ನೆಲದ ಮೇಲೆ ಕೂತು ಉಳಿದ ನೀಲಿ ಬಟ್ಟೆ ಹರಡುತ್ತ.

"ಡಾಕ್ಟರನ್ನ ಕೇಳ್ದೇನಾ?" ಎಂದ ಗಂಡ ಬಾಗಿಲಿಂದ.

"ನೀನು ಸುಮ್ನಿರೋ," ಎಂದರು ಅತ್ತೆ. "ಟೇಪು ಎಲ್ಲಿದೆ ನೋಡು."