ಪಡುವಣದ ಕೋಣೆಗೆ ಹಳದಿ

ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ಮೇಷ್ಟ್ರ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು. 'ಆಗಲಿ.'

ಊಟ ಬಡಿಸಲಾ ಅಂದರೆ ಆಗಲಿ. ಈಗಲೇ ಬೇಡವಾ ಅಂದರೂ ಆಗಲಿ. ಫ್ಯಾನು ಹಾಕಿದರೂ ಆಗಲಿ, ಆರಿಸಿದರೂ ಆಗಲಿ. ಮಾತು ಕಲಿಸಲು ಬರುತ್ತಿದ್ದ ಆಸ್ಪತ್ರೆಯ ಹುಡುಗಿ ಮನೆಯವರಿಗೆ ಬಿಡಿಸಿ ಹೇಳಿದ್ದಳು: "ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಒಳಗೆ ಬೇರೆ ಮಾತೇ ಇರುತ್ತೆ, ಹೊರಗೆ ಬರೋದು ಮಾತ್ರ ಅದೊಂದೇ. ತಲೆ ಆಡಿಸೋದನ್ನೂ ನಂಬಬೇಡಿ." ಅದು ನಿಜವೇ. ಮೇಷ್ಟ್ರು ತಲೆಯನ್ನು ಅಡ್ಡ ಆಡಿಸಬೇಕೆಂದು ಹೊರಟರೆ ಅದು ಉದ್ದುದ್ದ ಆಡಿಬಿಡುತ್ತಿತ್ತು. 'ಬೇಡ' ಎಂಬ ಪದ ಅವರ ಕಣ್ಣ ಮುಂದೆ ಬೋರ್ಡಿನ ಮೇಲೆ ಬರೆದಷ್ಟು ಸ್ಪಷ್ಟವಾಗಿ ನಿಂತಿರುತ್ತಿತ್ತು. ನಾಲಿಗೆಗೆ ಬರುವಷ್ಟರಲ್ಲಿ ಅದೇ ಹಾಳು ಪದವಾಗಿ ಉದುರುತ್ತಿತ್ತು.

ಅವರೇನೂ ಶಾಲೆಯ ಮೇಷ್ಟ್ರಲ್ಲ. ಮೂವತ್ತೊಂದು ವರ್ಷ ಪೇಂಟ್ ಅಂಗಡಿಯೊಂದರಲ್ಲಿ ಬಣ್ಣ ಬೆರೆಸುವ ಕೆಲಸ ಮಾಡಿದವರು. ಗುಂಡಿ ಒತ್ತಿದರೆ ಬಣ್ಣ ಸುರಿಯುವ ಯಂತ್ರ ಬಂದ ಮೇಲೂ ಊರಿನ ಪೇಂಟರುಗಳು ಡಬ್ಬ ಹಿಡಿದುಕೊಂಡು ಇವರ ಹತ್ತಿರವೇ ಬರುತ್ತಿದ್ದರು. ಬಂದವರಿಗೆ ಇವರು ಪಾಠ ಹೇಳುತ್ತಿದ್ದರು, ಅದಕ್ಕೇ ಮೇಷ್ಟ್ರು. ಗಿರಾಕಿ ಯಾವ ಬಣ್ಣ ಕೇಳಿದರೂ ಮೊದಲ ಮಾತು "ಬೇಡ" ಎಂದೇ. ಆಮೇಲೆ, "ಕೋಣೆ ಯಾವ ದಿಕ್ಕಿಗಿದೆ? ಕಿಟಕಿ ಎಷ್ಟು? ಮಧ್ಯಾಹ್ನ ಅಲ್ಲಿ ಯಾರು ಕೂರ್ತಾರೆ?" ಎಂದು ವಿಚಾರಣೆ. ಕೆಲವರು ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದರು. ಹೋದವರಲ್ಲಿ ಅರ್ಧ ಜನ ಮುಂದಿನ ವರ್ಷ ವಾಪಸು ಬಂದು, "ನೀವು ಹೇಳಿದ್ದೇ ಸರಿ ಇತ್ತು ಮೇಷ್ಟ್ರೇ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ಅವರಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಈಗ ಬಣ್ಣ ಹಚ್ಚಬೇಕಾಗಿ ಬಂದದ್ದು ಅವರದೇ ಕೋಣೆಗೆ. ದಿನವಿಡೀ ಹಾಸಿಗೆಯಲ್ಲಿ ಬಿದ್ದಿರಬಾರದು, ಬೆಳಕಿನಲ್ಲಿ ಕೂರಿಸಿ ಎಂದು ಡಾಕ್ಟರು ಹೇಳಿದ್ದೇ ತಡ, ಅಳಿಯ ಹಿಂದಿನ ಜಗಲಿಗೆ ಮೂರು ಕಡೆ ಗಾಜು ಹಾಕಿಸಿ ಬಿಸಿಲು ಕೋಣೆ ಮಾಡಿಸಿಬಿಟ್ಟ. ಪಾಪ, ಒಳ್ಳೆಯ ಮನುಷ್ಯ, ಆದರೆ ದಿಕ್ಕು ನೋಡಲಿಲ್ಲ. ಆ ಜಗಲಿ ಪಡುವಣಕ್ಕಿತ್ತು. ಬೆಳಗ್ಗೆಯೆಲ್ಲಾ ಮಂಕು, ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಒಳಗೆ ನುಗ್ಗಿ ಹಿಂಗೋಡೆಗೆ ಅಪ್ಪಳಿಸುತ್ತಿತ್ತು.

ಒಂದು ಸಂಜೆ ಮಗಳು ಶೇಡ್ ಕಾರ್ಡಿನ ದಪ್ಪ ಪುಸ್ತಕ ತಂದು ಅಪ್ಪನ ತೊಡೆಯ ಮೇಲೆ ಬಿಚ್ಚಿಟ್ಟಳು. ಒಂದೊಂದು ಹಾಳೆಯಲ್ಲೂ ಬೆರಳುಗುರಿನಷ್ಟಗಲದ ಇಪ್ಪತ್ತು ಮೂವತ್ತು ಚೌಕ. ಮೇಷ್ಟ್ರಿಗೆ ಆ ಪುಸ್ತಕ ಬಾಯಿಪಾಠ.

"ಅಪ್ಪಾ, ಇದು ನಿಮ್ಮ ಕೋಣೆ. ನೀವೇ ಹೇಳಬೇಕು. ಗುಲಾಬಿ?"

"ಆಗಲಿ."

"ಮಾವ, ನೀಲಿ ಚೆನ್ನಾಗಿರುತ್ತೆ, ತಂಪು," ಅಂದ ಅಳಿಯ.

"ಆಗಲಿ."

"ನೋಡು, ಒಪ್ಪಿದ್ರು."

"ಗುಲಾಬಿಗೂ ಒಪ್ಪಿದ್ರಲ್ರೀ!"

ಗಂಡ ಹೆಂಡತಿ ಅಲ್ಲೇ ಜಟಾಪಟಿಗೆ ನಿಂತರು. ಮೇಷ್ಟ್ರು ಎಡಗೈ ಎತ್ತಿ, ಪುಸ್ತಕದ ಕೊನೆಯ ಹಾಳೆಗಳಲ್ಲಿದ್ದ ಮಾಸಲು ಹಸಿರನ್ನು ತೋರಿಸಲು ಹೊರಟರು. ಹಾಳೆ ಮಗುಚಲು ಹೋಗಿ ಪುಸ್ತಕವೇ ಜಾರಿ ನೆಲಕ್ಕೆ ಬಿತ್ತು. "ಸುಸ್ತಾಯ್ತೇನೋ" ಎಂದು ಮಗಳು ಅದನ್ನೆತ್ತಿ ಮಡಿಸಿದಳು. ಸುಸ್ತಾಗಿರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟನ್ನೂ ಅವರು 'ಆಗಲಿ' ಎಂದೇ ಹೇಳಬೇಕಾಯಿತು, ಅದನ್ನು ಕೇಳಿ ಅಳಿಯ ಪ್ರೀತಿಯಿಂದ ಅವರ ಭುಜ ತಟ್ಟಿದ.

ಅಲ್ಲಿಯವರೆಗೆ ಬಾಗಿಲ ಹತ್ತಿರ ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದ ಮೇಷ್ಟ್ರ ಹೆಂಡತಿ ಎದ್ದು ಬಂದಳು. ಪುಸ್ತಕ ತೆಗೆದುಕೊಂಡು, ಹುಡುಕುವ ಗೋಜಿಲ್ಲದೆ, ಗುರುತಿಟ್ಟುಕೊಂಡವಳ ಹಾಗೆ ಒಂದು ಹಾಳೆ ತೆರೆದಳು.

"ರೀ, ಹಳದಿ ಮಾಡಿಸೋಣ್ವಾ?" ಎಂದಳು. ದನಿ ಸಣ್ಣದಾಗಿತ್ತು. "ಇದು. ಬೆಣ್ಣೆ ಹಳದಿ ಅಲ್ಲ, ಅದರ ಪಕ್ಕದ್ದು, ತುಂಬು ಹಳದಿ."

ಮೇಷ್ಟ್ರಿಗೆ ಗಾಬರಿಯಾಯಿತು. ಪಡುವಣದ ಗಾಜಿನ ಕೋಣೆಗೆ ತುಂಬು ಹಳದಿ! ಸಂಜೆ ನಾಲ್ಕಕ್ಕೆ ಅದು ಕೋಣೆಯಾಗಿ ಉಳಿಯುವುದಿಲ್ಲ, ಒಲೆಯ ಬಾಯಿಯಾಗುತ್ತದೆ. ಕಣ್ಣು ಬಿಡಲಾಗುವುದಿಲ್ಲ. ಎದ್ದು ಹೋಗುವವರಿಗಾದರೆ ಚಿಂತೆಯಿಲ್ಲ, ಎತ್ತಿ ಕೂರಿಸಿದಲ್ಲೇ ಕೂತಿರಬೇಕಾದವನ ಗತಿಯೇನು? ಎಷ್ಟು ಗಿರಾಕಿಗಳನ್ನು ಅವರು ಇದೇ ತಪ್ಪಿನಿಂದ ಎಳೆದು ಹಿಂದಕ್ಕೆ ನಿಲ್ಲಿಸಿರಲಿಲ್ಲ! ಮೈಯ ಶಕ್ತಿಯನ್ನೆಲ್ಲಾ ಗಂಟಲಿಗೆ ತಂದು ಅವರು ಹೇಳಿದರು:

"ಆಗಲಿ!"

ಹೆಂಡತಿಯ ಮುಖ ಅರಳಿತು. ಮೇಷ್ಟ್ರು ಅದನ್ನು ನೋಡಿದರು, ಆದರೆ ಆ ಗಳಿಗೆಯಲ್ಲಿ ಅವರ ಮನಸ್ಸೆಲ್ಲಾ ನಾಲ್ಕು ಗಂಟೆಯ ಬಿಸಿಲಿನ ಮೇಲಿತ್ತು.

"ಎಷ್ಟು ಜೋರಾಗಿ ಹೇಳಿದ್ರು ನೋಡಿ, ಇದೇ ಇರಲಿ," ಎಂದಳು ಮಗಳು. ಅಲ್ಲಿಗೆ ತೀರ್ಮಾನವಾಯಿತು.

ಮೂರನೆಯ ದಿನ ಪೇಂಟರ್ ಬಂದ. ಐವತ್ತು ದಾಟಿದ ಗುಂಡಗಿನ ಆಳು. ಮೇಷ್ಟ್ರ ಅಂಗಡಿಯ ಮುಂದೆಯೇ ಬ್ರಷ್ ಹಿಡಿಯಲು ಕಲಿತವನು. ಬಂದವನು ಮೇಷ್ಟ್ರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು, "ಏನು ಮೇಷ್ಟ್ರೇ, ಹೀಗಾಗಿಬಿಟ್ರಲ್ಲ" ಎಂದು ಅವರ ಬಿದ್ದ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಯಿತು. "ಹಳದಿ ಅಂತ ಹೇಳಿದ್ರಂತೆ. ನನಗೇನೋ ನಂಬಿಕೆ ಬರಲಿಲ್ಲ. ಆದ್ರೆ ನೀವು ಹೇಳಿದ ಮೇಲೆ ನಾನ್ಯಾವ ಲೆಕ್ಕ?"

ಮೇಷ್ಟ್ರು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಅರ್ಥ ಮಾಡ್ಕೊಳ್ಳೋ, ಮೂವತ್ತು ವರ್ಷ ನಿನಗೆ ಹೇಳಿದ್ದನ್ನೇ ಹೇಳ್ತಿದೀನಿ, ಎಂದು ಮನಸ್ಸಿನಲ್ಲೇ ಗೋಗರೆದರು. ಪೇಂಟರ್ ಮೂಗೊರೆಸಿಕೊಂಡು ಎದ್ದು ಗೋಡೆ ಉಜ್ಜಲು ಶುರುಮಾಡಿದ.

ಎರಡು ದಿನ ಪುಟ್ಟಿ, ಪ್ರೈಮರ್. ಅದು ಒಣಗುವ ವಾಸನೆ ಮೇಷ್ಟ್ರಿಗೆ ಹಳೆಯ ಗೆಳೆಯನ ಮೈವಾಸನೆಯಂತಿತ್ತು. ಮರುದಿನ ಪೇಂಟರ್ ದೊಡ್ಡ ಬಕೆಟ್ಟಿನಲ್ಲಿ ಹಳದಿ ಕಲಸಿಟ್ಟ. ಗಾಜಿನ ಚೌಕಟ್ಟಿಗೆ ಹಚ್ಚುವ ಬೂದು ಬಣ್ಣಕ್ಕೆಂದು ಕಪ್ಪು ಸ್ಟೇನರಿನ ಪುಟ್ಟ ಪ್ಲಾಸ್ಟಿಕ್ ಶೀಸೆಯೊಂದನ್ನು ತಂದಿದ್ದ. ಸ್ಟೇನರ್ ಎಂದರೆ ನಾಲ್ಕು ಹನಿಗೆ ಒಂದು ಡಬ್ಬದ ಬಣ್ಣವನ್ನೇ ತಿರುಗಿಸುವ ಗಟ್ಟಿ ದ್ರವ. ಬೂದು ಕಲಸಿಯಾದ ಮೇಲೆ ಮುಚ್ಚಳ ಹಾಕದ ಆ ಶೀಸೆಯನ್ನು ಬಕೆಟ್ಟಿನ ಪಕ್ಕದ ಸ್ಟೂಲಿನ ಮೇಲಿಟ್ಟು ಅವನು ಏಣಿ ತರಲು ಅಂಗಳಕ್ಕೆ ಹೋದ. ಮೇಷ್ಟ್ರ ಗಾಲಿಕುರ್ಚಿ ಸ್ಟೂಲಿಗೆ ಒಂದು ಮೊಳ ದೂರದಲ್ಲಿತ್ತು.

ಅವರು ಎಡಗಾಲನ್ನು ನೆಲಕ್ಕೆ ಒತ್ತಿ ಕುರ್ಚಿಯನ್ನು ಉರುಳಿಸಿದರು. ಎಡಗೈಗೆ ಶೀಸೆ ಸಿಕ್ಕಿತು. ಬಕೆಟ್ಟಿನ ಮೇಲೆ ಅದನ್ನು ಬೋರಲು ಹಿಡಿದು ಹಿಂಡಿದರು.

"ಅಯ್ಯಯ್ಯೋ ಅಪ್ಪಾ!" ಮಗಳು ಓಡಿಬಂದಳು. "ಎಲ್ಲಾ ಹಾಳಾಯ್ತಲ್ಲ!"

"ತಡೀರಿ, ಮುಟ್ಟಬೇಡಿ," ಎಂದ ಪೇಂಟರ್, ಏಣಿಯನ್ನು ಬಾಗಿಲಿಗೆ ಒರಗಿಸಿ. ಅವನು ಮೇಷ್ಟ್ರ ಕೈಯನ್ನೇ ನೋಡುತ್ತಿದ್ದ. ಮೇಷ್ಟ್ರು ಒಮ್ಮೆ ಹಿಂಡಿ ನಿಲ್ಲಿಸಿದ್ದರು. ಕಲಸುವ ಕೋಲಿನ ಕಡೆ ಕಣ್ಣು ತಿರುಗಿಸಿದರು. ಪೇಂಟರ್ ಕೋಲು ತೆಗೆದುಕೊಂಡು ಕಲಸಿದ. ಹಳದಿಯೊಳಗೆ ಕಪ್ಪು ಸುರುಳಿ ಸುತ್ತಿ, ಕರಗಿ, ಒಂದು ಕೊಳಕು ಛಾಯೆ ಎದ್ದಿತು. ಮೇಷ್ಟ್ರು ಮತ್ತೊಮ್ಮೆ ಹಿಂಡಿದರು, ಸ್ವಲ್ಪ ಕಡಿಮೆ. ಮತ್ತೆ ಕಲಸಿದ. ಈ ಸಲ ಕೊಳಕು ಹೋಗಿ ಹಸಿರು ಕಣ್ಣು ಬಿಟ್ಟಿತು. ಮೂರನೆಯ ಸಲ ಬರೀ ಐದಾರು ಹನಿ. ಆಮೇಲೆ ಶೀಸೆಯನ್ನು ನೆಟ್ಟಗೆ ಸ್ಟೂಲಿನ ಮೇಲಿಟ್ಟು ಕೈ ಹಿಂದಕ್ಕೆ ತೆಗೆದುಕೊಂಡರು.

ಬಕೆಟ್ಟಿನಲ್ಲಿ ಬಾಡಿದ ಹುಲ್ಲಿನ ಮೃದುವಾದ ಹಸಿರು ನಿಂತಿತ್ತು.

"ಹಳದಿಗೆ ಕಪ್ಪು ಬಿದ್ರೆ ಹಸಿರು!" ಪೇಂಟರ್ ತೊಡೆ ತಟ್ಟಿಕೊಂಡ. "ಇದು ಕೈಜಾರಿದ್ದಲ್ಲಮ್ಮಾ, ಅಳತೆ ನೋಡಿದ್ರಾ? ಮೇಷ್ಟ್ರು ಬೆರೆಸಿದ್ದು ಇದು! ಪಡುವಣದ ಬಿಸಿಲಿಗೆ ಹಳದಿ ಆಗಲ್ಲ ಅಂತ ಹೇಳ್ತಿದಾರೆ!"

ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ರೀ, ನಿಜವಾ? ಹಸಿರೇ ಬೇಕಾ?" ಎಂದು ಕೇಳಿದಳು.

"ಆಗಲಿ."

"ಇಲ್ಲಾ, ಇದನ್ನ ಚೆಲ್ಲಿ ಬೇರೆ ಹಳದಿ ತರಿಸೋದಾ?"

"ಆಗಲಿ."

ಇಷ್ಟು ದೂರ ಬಂದು ಇಲ್ಲಿ ಸೋಲಬೇಕೇ? ಮೇಷ್ಟ್ರು ಬಾಗಿ ಬಕೆಟ್ಟಿನ ಅಂಚನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಬಿಡಲಿಲ್ಲ.

ಹೆಂಡತಿ ಆ ಕೈಯನ್ನು ನೋಡಿದಳು. ಆಮೇಲೆ ನಕ್ಕಳು. "ಬಾಯಿ ಏನಾದ್ರೂ ಹೇಳಲಿ, ಕೈ ನೋಡಿ. ನಮ್ಮನೆಯವರು ಮೊದಲಿನ ಹಾಗೇ ಇದಾರೆ. ಮಾತು ಹೋದ್ರೂ ಬೇಡ ಅನ್ನೋದು ಹೋಗಿಲ್ಲ."

ಎಲ್ಲರೂ ನಕ್ಕರು. ಮಗಳು ಅಪ್ಪನ ಕತ್ತು ತಬ್ಬಿಕೊಂಡು ಅತ್ತೇಬಿಟ್ಟಳು. ಆರು ತಿಂಗಳಲ್ಲಿ ಮೊದಲ ಬಾರಿ ಅಪ್ಪ ಅಪ್ಪನಂತೆ ಕಂಡಿದ್ದರು. ಮೇಷ್ಟ್ರಿಗೋ ಲೋಕ ಗೆದ್ದಷ್ಟು ಹಿಗ್ಗು. ಆ ಹಿಗ್ಗಿನಲ್ಲಿ, ಎಲ್ಲರಿಗಿಂತ ಮೊದಲು ನಗು ನಿಲ್ಲಿಸಿದ್ದು ಹೆಂಡತಿ ಎಂಬುದನ್ನು ಅವರು ಗಮನಿಸಲಿಲ್ಲ.

ಗಮನಿಸಿದ್ದು ಮುಂದಿನ ವಾರ. ಬಣ್ಣ ಒಣಗಿತ್ತು. ನಾಲ್ಕರ ಬಿಸಿಲು ಬಂದು ಹಸಿರು ಗೋಡೆಗೆ ಬಡಿದು, ಪಳಗಿದ ಪ್ರಾಣಿಯಂತೆ ಅಲ್ಲೇ ಮೆತ್ತಗೆ ಮಲಗುತ್ತಿತ್ತು. ಅವರು ಅಂದುಕೊಂಡದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹೆಂಡತಿ ಕುರ್ಚಿ ತಳ್ಳಿಕೊಂಡು ಬಂದು, ಗಾಲಿಗೆ ತಡೆ ಹಾಕಿ, ಹೊದಿಕೆ ಸರಿಮಾಡಿ ಹೊರಟುಹೋಗುತ್ತಿದ್ದಳು. ಪಕ್ಕದಲ್ಲಿ ಅವಳಿಗೆಂದೇ ಒಂದು ಬೆತ್ತದ ಕುರ್ಚಿ ಹಾಕಿದ್ದರು. ಮೇಷ್ಟ್ರು ಅದರ ಕೈ ತಟ್ಟಿ ಕರೆದರೆ ಎರಡು ನಿಮಿಷ ಕೂರುತ್ತಿದ್ದಳು, ಆಮೇಲೆ "ಒಲೆ ಮೇಲೆ ಇಟ್ಟು ಬಂದಿದೀನಿ" ಎಂದು ಏಳುತ್ತಿದ್ದಳು. ತರಕಾರಿ ಹೆಚ್ಚುವುದು, ಬಟ್ಟೆಗೆ ಗುಂಡಿ ಹೊಲಿಯುವುದು, ಎಲ್ಲವನ್ನೂ ಬೆಳಕಿಲ್ಲದ ನಡುಮನೆಯಲ್ಲೇ ಮಾಡುತ್ತಿದ್ದಳು.

ಹೊತ್ತು ಹೋಗದ ಮನುಷ್ಯನಿಗೆ ನೆನಪೊಂದೇ ಕೆಲಸ. ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆಗೆ ಬಂದಾಗ ಅವಳು ಕೇಳಿದ್ದು ಹಳದಿ. "ಬೇಡ, ಕೋಣೆ ಸಣ್ಣದು" ಎಂದಿದ್ದರು. ಈ ಮನೆ ಕಟ್ಟಿದಾಗ ಅಡುಗೆಮನೆಗಾದರೂ ಹಳದಿ ಹಚ್ಚಿಸಿ ಎಂದಿದ್ದಳು. ಅದಕ್ಕೂ ಬೇಡ. ಅಡುಗೆಮನೆ ಮೂಡಣಕ್ಕಿತ್ತು. ಬೆಳಗಿನ ಬಿಸಿಲಿಗೆ ಹಳದಿ ಅಲ್ಲಿ ಬೇಕಾದಷ್ಟು ಒಪ್ಪುತ್ತಿತ್ತು. ಯಾಕೆ ಬೇಡ ಎಂದೆ? ಎಷ್ಟು ತಡಕಿದರೂ ಮೇಷ್ಟ್ರಿಗೆ ಕಾರಣ ಸಿಗಲಿಲ್ಲ. ಬಹುಶಃ ಇರಲೇ ಇಲ್ಲ. ಅವಳು ಕೇಳಿದಳು, ಬಾಯಿಗೆ ಬಂದದ್ದು ಅದು, ಹೇಳಿದರು. ಅವಳು ಮತ್ತೆ ಉಸಿರೆತ್ತಲಿಲ್ಲ. ಇಡೀ ಮನೆಗೆ ಮಾಸಲು ಬಿಳಿ ಬಳಿಸಿದರು. ಇಪ್ಪತ್ತನಾಲ್ಕು ವರ್ಷ ಅವಳು ಆ ಬಿಳಿಯ ನಡುವೆ ಅಡುಗೆ ಮಾಡಿದಳು. ಕೊನೆಗೊಮ್ಮೆ ಗಂಡನ ಬಾಯಿಂದ 'ಆಗಲಿ' ಬಂತೆಂದು ಅವಳ ಮುಖ ಅರಳಿದ್ದನ್ನು ಅವರೇ ಕಣ್ಣಾರೆ ನೋಡಿದ್ದರು. ನೋಡಿಯೂ, ಇದ್ದ ಒಂದು ಕೈಯಿಂದ ಅದರ ಮೇಲೆ ಕಪ್ಪು ಹಿಂಡಿದ್ದರು.

ಇನ್ನು ಕೂತಿರಲಾಗಲಿಲ್ಲ, ಏಳಲೂ ಆಗುವಂತಿರಲಿಲ್ಲ. ಅಡುಗೆಮನೆಗೆ ಹಳದಿ ಹಚ್ಚಿಸಬೇಕು. ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಅರ್ಧ ನಿಮಿಷದ ಮಾತು.

ಎರಡು ದಿನ ಕಳೆದು ಪೇಂಟರ್ ತನ್ನ ಏಣಿ ಒಯ್ಯಲು ಬಂದ. ಮೇಷ್ಟ್ರು ಕಾದಿದ್ದರು. ಶೇಡ್ ಪುಸ್ತಕವನ್ನು ಬೆಳಗ್ಗಿನಿಂದ ತೊಡೆಯ ಮೇಲಿಟ್ಟುಕೊಂಡು, ಹಲ್ಲಿನಿಂದಲೂ ಮೊಣಕೈಯಿಂದಲೂ ಹಾಳೆ ಮಗುಚಿ, ಆ ಹಳದಿಯ ಪುಟಕ್ಕೆ ತಂದಿಟ್ಟಿದ್ದರು. ಅವನು ಬರುತ್ತಲೇ ತುಂಬು ಹಳದಿಯ ಮೇಲೆ ಬೆರಳೂರಿದರು.

ಪೇಂಟರ್ ಬಗ್ಗಿ ನೋಡಿ ಗಹಗಹಿಸಿ ನಕ್ಕ. "ನನಗೇ ಪರೀಕ್ಷೆನಾ ಮೇಷ್ಟ್ರೇ? ಪಡುವಣಕ್ಕೆ ಹಳದಿ ಹಚ್ಚೋಕೆ ನಾನೇನು ನಿನ್ನೆ ಮೊನ್ನೆ ಬ್ರಷ್ ಹಿಡಿದವನಾ? ನೀವೇ ಕಲಿಸಿದ್ದು. ಹಸಿರೇ ಇರಲಿ, ಅಲ್ವಾ?"

"ಆಗಲಿ."

ಇಲ್ಲ, ಇಲ್ಲ, ಇಲ್ಲ. ಮೇಷ್ಟ್ರು ಹಳದಿಯನ್ನು ಮತ್ತೆ ಕುಟ್ಟಿದರು. ಆಮೇಲೆ ಕೈಯೆತ್ತಿ ಅಡುಗೆಮನೆಯ ಕಡೆ ತೋರಿಸಿದರು. ಹಳದಿ, ಅಡುಗೆಮನೆ. ಹಳದಿ, ಅಡುಗೆಮನೆ. ಒಳಗೆ ಅವಳು ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು.

ಪೇಂಟರ್ ಅವರ ಕೈ ಹೋದ ದಿಕ್ಕಿಗೆ ತಿರುಗಿ ನೋಡಿದ. ಅರ್ಥವಾದವನಂತೆ ತಲೆಯಾಡಿಸಿದ. ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಮ್ಮಾ," ಎಂದು ಅವನು ಒಳಕ್ಕೆ ಕೂಗಿದ, "ಮೇಷ್ಟ್ರಿಗೆ ಟೀ ಬೇಕಂತೆ."

ಏಣಿ ಹೆಗಲಿಗೇರಿಸಿಕೊಂಡು, "ಮತ್ತೆ ಬರ್ತೀನಿ, ಆರಾಮಾಗಿರಿ" ಎಂದು ಹಿತ್ತಲು ದಾಟಿ ಹೋದ. ಗಾಜಿನಾಚೆ ಅವನ ಬೆನ್ನು, ಏಣಿಯ ಬಾಲ, ಆಮೇಲೆ ಹಿತ್ತಲ ಗೇಟು ಮುಚ್ಚಿಕೊಂಡದ್ದು, ಎಲ್ಲಾ ನಿಚ್ಚಳವಾಗಿ ಕಂಡವು.

ಹೆಂಡತಿ ಟೀ ತಂದಳು. ತೊಡೆಯ ಮೇಲಿದ್ದ ಪುಸ್ತಕವನ್ನು ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಯಾವ ಪುಟ ತೆರೆದಿತ್ತೆಂದು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಬೆತ್ತದ ಕುರ್ಚಿಯನ್ನು ಹತ್ತಿರಕ್ಕೆಳೆದು ಕೂತು, ಟೀ ಆರಿಸಿ ಲೋಟವನ್ನು ಅವರ ಬಾಯಿಯ ಎಡಗಡೆಗೆ ಹಿಡಿದಳು.

"ಸಕ್ಕರೆ ಸಾಕಾ?"

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಹೇಳಬೇಕಾದದ್ದು ಒಳಗೆ ಅಕ್ಷರ ಅಕ್ಷರವಾಗಿ ಸಿದ್ಧವಾಗಿತ್ತು. ಬಾಯಿ ತೆರೆಯಲು ಭಯವಾಯಿತು. ತೆರೆಯದೆ ಎಷ್ಟು ಹೊತ್ತು ಕೂತರೋ, ಅವಳು ಸೆರಗಿನಿಂದ ಅವರ ಗಲ್ಲ ಒರೆಸಿ, "ಕುಡೀರಿ, ಆರಿಹೋಗುತ್ತೆ" ಎಂದು ಲೋಟವನ್ನು ಸ್ವಲ್ಪ ಓರೆ ಮಾಡಿದಳು.