ಮಚ್ಚೆ ಅಳಿಸಿದ ಫೋಟೋ

ನನ್ನ ಮೇಜಿನ ಮೇಲೆ ಊರಿನ ಮುಖಗಳೆಲ್ಲ ಮೊದಲು ಉಲ್ಟಾ ಬಣ್ಣದಲ್ಲೇ ಬರುತ್ತಿದ್ದವು. ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ. ಪದ್ಮರಾಜಯ್ಯನವರ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್‌ನಿಂದ ಅವುಗಳನ್ನು ತಿದ್ದುವುದು ನನ್ನ ಕೆಲಸ. ನೆಗೆಟಿವ್ ಮೇಲೆ ಎಲ್ಲಿ ಪೆನ್ಸಿಲ್ ಆಡಿಸುತ್ತೇನೋ, ಕಾಗದಕ್ಕೆ ಬಂದಾಗ ಅಲ್ಲಿ ಚರ್ಮ ಬೆಳ್ಳಗಾಗುತ್ತಿತ್ತು. ಇಷ್ಟೇ ವಿದ್ಯೆ. ಇದರಿಂದಲೇ ಹನ್ನೊಂದು ವರ್ಷ ಅನ್ನ ತಿಂದೆ.

ತಿದ್ದುತ್ತಿದ್ದದ್ದು ಹೆಚ್ಚಾಗಿ ಮದುವೆಗೆ ಬಂದ ಹೆಣ್ಣುಮಕ್ಕಳನ್ನು. "ಗಂಡಿಗೆ ಮೀಸೆ ಕಂಡ್ರೆ ಸಾಕಮ್ಮ, ಹೆಣ್ಣಿಗೆ ಮಾತ್ರ ಏನೂ ಕಾಣಬಾರದು" ಎನ್ನುತ್ತಿದ್ದರು ಪದ್ಮರಾಜಯ್ಯ. ಅವಳ ಬಣ್ಣ ತೆಳುವಾಗಬೇಕು, ಮೇಲ್ದುಟಿಯ ನವಿರುಕೂದಲು ಹೋಗಬೇಕು, ಮೊಡವೆಯ ಕಲೆ ಇರಬಾರದು, ಕತ್ತಿನ ಮೂಳೆ ಮುಚ್ಚಬೇಕು. ನನ್ನದೇ ಬಣ್ಣ ದೋಸೆ ಹೆಂಚಿನದು. ನನ್ನನ್ನು ನೋಡಲು ಬಂದು, ಉಪ್ಪಿಟ್ಟು ತಿಂದು, ಕೈ ತೊಳೆದುಕೊಂಡು ಹೋದವರು ಏಳು ಮನೆಯವರು. ಎಂಟನೆಯವರು ಬರುವಷ್ಟರಲ್ಲಿ ಅಪ್ಪ ತೀರಿಕೊಂಡರು, ಅಲ್ಲಿಗೆ ಆ ಮಾತೇ ನಿಂತುಹೋಯಿತು. ಅದಕ್ಕೇ ಪೆನ್ಸಿಲ್ ಹಿಡಿದಾಗ ನನಗೊಂದು ಹಮ್ಮು ಬರುತ್ತಿತ್ತು. ನನಗಾದದ್ದು ಈ ಹುಡುಗಿಗೆ ಆಗದಂತೆ ನಾನು ನೋಡಿಕೊಳ್ಳುತ್ತಿದ್ದೇನೆ ಅಂತ. ಎಂಥ ಮಂಕು ನಾನು!

ಮರುಳಸಿದ್ದಪ್ಪ ಮೇಷ್ಟರ ಮಗಳು ಸರ್ವಮಂಗಳಾಳ ಫೋಟೋ ನನ್ನ ಕೈಗೆ ಬಂದದ್ದು ಹೀಗೇ. ಅವಳ ಎಡಗೆನ್ನೆಯ ಮೇಲೆ ಕಿವಿಯ ಬುಡದಿಂದ ದವಡೆಯವರೆಗೆ ಒಂದು ಕರಿ ಮಚ್ಚೆ, ಹುಟ್ಟಿನಿಂದ ಬಂದದ್ದು. ಎರಡು ದಿನ ಕೂತು ಅದನ್ನು ಎಷ್ಟು ನಯವಾಗಿ ಅಳಿಸಿದೆನೆಂದರೆ, ಪದ್ಮರಾಜಯ್ಯ ಭೂತಗನ್ನಡಿ ಹಿಡಿದು ಹುಡುಕಿ, "ಭೇಷ್!" ಎಂದರು. ಫೋಟೋ ಗಂಡಿನ ಮನೆಗೆ ಹೋಯಿತು, ಗಂಡಿನ ಫೋಟೋ ಇವರ ಮನೆಗೆ ಬಂತು. ಹುಡುಗನಿಗೆ ದೂರದ ಊರಿನಲ್ಲಿ ಕೆಲಸ. ಅವನನ್ನು ಸಾಕಿದ ಸೋದರಮಾವ ರುದ್ರಮುನಿಯಪ್ಪನವರು ಫೋಟೋ ನೋಡಿಯೇ ಒಪ್ಪಿ, ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಿದರು. ಹುಡುಗಿಯನ್ನು ನೋಡುವ ಶಾಸ್ತ್ರವೊಂದು ಉಳಿದಿತ್ತು. ಅದಕ್ಕೆ ಅವರೂ ಅವರ ಹೆಂಡತಿಯೂ ಒಂದು ಬೆಳಿಗ್ಗೆ ನಮ್ಮೂರಿಗೆ ಬಂದರು.

ಬಂದವರು ಮೇಷ್ಟರ ಮನೆಯಲ್ಲಿ ಅರ್ಧ ಗಂಟೆಯೂ ಕೂರಲಿಲ್ಲ. ನೇರವಾಗಿ ನಮ್ಮ ಸ್ಟುಡಿಯೋಗೆ ನುಗ್ಗಿದರು. ಹಿಂದೆ ಬೆವರು ಒರೆಸಿಕೊಳ್ಳುತ್ತಾ ಮೇಷ್ಟರು, ಅವರ ಹಿಂದೆ ರೇಷ್ಮೆ ಸೀರೆಯಲ್ಲಿ ಮಂಗಳಾ.

"ಯಾರ್ರೀ ಇಲ್ಲಿ ಮುಖ ತೊಳೆದು ಕೊಡೋರು?" ಎಂದು ರುದ್ರಮುನಿಯಪ್ಪ ಕೂಗಿದ ರಭಸಕ್ಕೆ ನಾನು ಪೆನ್ಸಿಲ್ ಹಿಡಿದುಕೊಂಡೇ ಹೊರಗೆ ಬಂದೆ. ಅವರು ಮಂಗಳಾಳ ಫೋಟೋವನ್ನು ಮೇಜಿನ ಮೇಲೆ ಬಡಿದರು. "ಈ ಹುಡುಗಿ ಯಾರು? ಇವಳನ್ನ ತೋರಿಸಿ, ನಾವು ಇವಳನ್ನೇ ಒಪ್ಪಿದ್ದು. ಮನೇಲಿ ನೋಡಿದ್ರೆ ಇನ್ಯಾರನ್ನೋ ತಂದು ಕೂರಿಸಿದಾರೆ!"

"ನಾನಂತೂ ಕಾಡಿಗೆ ಮೆತ್ತಿದೆ ಅಂದ್ಕೊಂಡೆ" ಎಂದರು ಅವರ ಹೆಂಡತಿ. "ನೀರಲ್ಲಿ ಸೆರಗು ಅದ್ದಿ ಉಜ್ಜಿದೆ. ಉಜ್ಜಿದಷ್ಟೂ ಇನ್ನೂ ಕಪ್ಪಾಗಿ ಕಾಣುತ್ತೆ. ಏನ್ ಕರ್ಮವೋ!"

ನಾನು ಮಂಗಳಾಳ ಕಡೆ ನೋಡಿದೆ. ಮಚ್ಚೆಯ ಸುತ್ತ ಕೆನ್ನೆ ಕೆಂಪಗೆ ಕೆರೆದುಹೋಗಿತ್ತು. ಪಾತ್ರೆ ಉಜ್ಜಿದ ಹಾಗೆ ಉಜ್ಜಿದ್ದಾಳೆ ಮಹಾತಾಯಿ! ಹುಡುಗಿ ಮಾತ್ರ ಗೋಡೆಗೆ ಒರಗಿ, ಯಾರ ಮುಖವನ್ನೂ ನೋಡದೆ, ಬಸ್ಸಿಗೆ ಕಾಯುವವಳ ಹಾಗೆ ನಿಂತಿದ್ದಳು.

"ಅಳಿಸು ಅಂತ ಹೇಳಿದ್ಯಾರು? ಅದನ್ನ ಹೇಳಿ ಮೊದಲು" ಎಂದು ರುದ್ರಮುನಿಯಪ್ಪ ಮೇಷ್ಟರ ಕಡೆ ತಿರುಗಿದರು.

"ನನಗೇನ್ ಗೊತ್ತು ಸ್ವಾಮಿ" ಎಂದರು ಮೇಷ್ಟರು. "ಹೆಣ್ಣುಮಗು, ಚೆನ್ನಾಗಿ ಕಾಣಬೇಕು ಅಂತ ಆಸೆ ಇರುತ್ತಲ್ಲ. ಅವಳೇ ಇಲ್ಲಿ ಹೇಳಿರಬೇಕು."

ಇಲ್ಲಿಯವರೆಗೆ ಒಂದು ವಿಷಯವನ್ನು ನಾನು ಬೇಕೆಂದೇ ಮುಚ್ಚಿಟ್ಟಿದ್ದೇನೆ. ಹೇಳಲು ನಾಚಿಕೆ, ಆದರೆ ಹೇಳದೆ ಕತೆ ಮುಂದೆ ಹೋಗುವುದಿಲ್ಲ. ಫೋಟೋ ತೆಗೆಸಿದ ದಿನ ಮಂಗಳಾ ಹಿಂದಿನ ಕೋಣೆಗೆ ಒಬ್ಬಳೇ ಬಂದಿದ್ದಳು. ನೆಗೆಟಿವ್‌ಗಳನ್ನು ನೋಡಿ, "ಇದ್ರಲ್ಲಿ ಎಲ್ಲಾ ಉಲ್ಟಾ ಅಲ್ವಾ ಅಕ್ಕಾ? ಕರೀ ಬಣ್ಣದವರೇ ಬೆಳ್ಳಗೆ!" ಎಂದು ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, "ನನ್ನ ಮಚ್ಚೆ ಹಾಗೇ ಇರ್ಲಿ. ನೋಡಿ ಒಪ್ಪೋರು ಯಾರಾದ್ರೂ ಇದ್ರೆ ಅವರು ಬರ್ಲಿ. ಇಲ್ದಿದ್ರೆ ಬೇಡ. ಅಪ್ಪ ಬೇರೆ ಹೇಳಿದ್ರೆ ಕೇಳಬೇಡಿ" ಎಂದಿದ್ದಳು. ನಾನು ಹೂಂ ಅಂದಿದ್ದೆ. ಅವಳು ಹೋದ ಮೇಲೆ ಮೇಷ್ಟರು ಬಂದು ಪೂರ್ತಿ ತೆಗೆದುಬಿಡಿ ಅಂದರು, ಅದಕ್ಕೂ ಹೂಂ ಅಂದೆ. ಈ ಹುಡುಗಿಗೆ ಲೋಕ ಗೊತ್ತಿಲ್ಲ, ನನಗೆ ಗೊತ್ತು ಎಂದುಕೊಂಡು ಪೆನ್ಸಿಲ್ ಚೂಪು ಮಾಡಿದೆ.

ಈಗ ಮೇಷ್ಟರ ಬಾಯಿಂದ ಆ ಸುಳ್ಳು ಬಂದಾಗ ನನ್ನ ನಾಲಗೆಯ ತುದಿಗೆ ಸತ್ಯವೂ ಬಂತು. ಆದರೆ ಪದ್ಮರಾಜಯ್ಯ ನನ್ನ ಕಡೆ ಕಣ್ಣು ಬಿಟ್ಟರು. ಬಾಯಿ ಮುಚ್ಚಿಕೊಂಡೆ.

"ಹಾಗಾದ್ರೆ ಬರೆದುಕೊಡಿ" ಎಂದು ರುದ್ರಮುನಿಯಪ್ಪ ಪದ್ಮರಾಜಯ್ಯನವರ ಕಡೆ ತಿರುಗಿದರು. "ಹುಡುಗಿ ಹೇಳಿದ್ದಕ್ಕೆ ಮಚ್ಚೆ ಅಳಿಸಿದ್ವಿ ಅಂತ ಬರೆದು ಸಹಿ ಹಾಕಿ. ನಾಳೆ ನಮ್ಮ ಜನ ಯಾಕೆ ಸಂಬಂಧ ಬಿಟ್ರಿ ಅಂತ ಕೇಳಿದ್ರೆ ಮುಖಕ್ಕೆ ಹಿಡೀಬೇಕು."

ಅಂಥದೊಂದು ಕಾಗದ ನಾಲ್ಕು ಮನೆ ತಿರುಗಿದರೆ ಮಂಗಳಾಳ ಮದುವೆಯ ಮಾತು ಅಲ್ಲಿಗೆ ಮುಗಿದಂತೆಯೇ. ಮಚ್ಚೆಯ ಹುಡುಗಿ ಎಂಬುದರ ಜೊತೆಗೆ ಮೋಸಗಾತಿ ಎಂಬ ಹೆಸರೂ ಸೇರುತ್ತದೆ. ಅದು ಗೊತ್ತಿದ್ದೂ ಪದ್ಮರಾಜಯ್ಯ ಸ್ಟುಡಿಯೋದ ಹೆಸರಿದ್ದ ಕಾಗದದಲ್ಲಿ ಬರೆದು, ಮೊಹರು ಒತ್ತಿ ಕೊಟ್ಟರು. ರುದ್ರಮುನಿಯಪ್ಪ ಅದನ್ನು ಮಡಿಸಿ ಜೇಬಿಗಿಟ್ಟು, ಬಾಗಿಲಿಗೆ ಹೋಗಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದರು. ಸಂಬಂಧ ಮುರಿದರೆ ಫೋಟೋ ಹಿಂದಿರುಗಿಸುವುದು ವಾಡಿಕೆ. ಮೇಷ್ಟರು ಜೇಬಿನಿಂದ ಹುಡುಗನ ಫೋಟೋ ತೆಗೆದು ಚಾಚಿ, "ನಿಮ್ಮದು ತಗೊಳ್ಳಿ" ಎಂದರು.

"ಬಂಗಾರದಂಥ ಹುಡುಗನಿಗೆ ಮಸಿ ಬಟ್ಟೆ ಗಂಟುಹಾಕೋಕೆ ಹೊರಟಿದ್ರಲ್ರೀ" ಎಂದರು ಆ ಹೆಂಗಸು, ಕೈ ಮುಂದೆ ಮಾಡುತ್ತಾ.

ನನಗೆ ಮೈಯೆಲ್ಲಾ ಉರಿದುಹೋಯಿತು. ಆ ಫೋಟೋವನ್ನು ನಡುವೆಯೇ ಕಿತ್ತುಕೊಂಡೆ. ಯಾರ ಕಣ್ಣಿಗೆ ಮಣ್ಣೆರಚಿದರೂ ನನ್ನಂಥವಳ ಕಣ್ಣಿಗೆ ಎರಚಲಾಗುತ್ತದೆಯೇ? ಕಿಟಕಿಯ ಬೆಳಕಿಗೆ ಓರೆ ಹಿಡಿದ ಕೂಡಲೇ ಕಂಡಿತು. ಕಾಗದವೆಲ್ಲ ಹೊಳೆಯುತ್ತಿತ್ತು, ಹಣೆಯ ಮೇಲಿನ ಕೂದಲು ಮಾತ್ರ ಹೊಳೆಯುತ್ತಿರಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ, ಎಲ್ಲರೂ ನೋಡುವ ಹಾಗೆ ಅಲ್ಲಿ ಉಜ್ಜಿದೆ. ಬಂಗಾರದಂಥ ಹುಡುಗನ ಕ್ರಾಪು ಇಷ್ಟಿಷ್ಟೇ ನನ್ನ ಬೆರಳಿಗೆ ಬಂತು. ಯಾವನೋ ಕುಂಚದಲ್ಲಿ ಮಸಿ ಅದ್ದಿ ಬರೆದ ಕೂದಲು! ಕೆಳಗೆ ನಡುನೆತ್ತಿಯವರೆಗೂ ಬೋಳು.

"ನೀವು ಉಜ್ಜಿದ್ದು ಹೋಗ್ಲಿಲ್ಲ, ನಾನು ಉಜ್ಜಿದ್ದು ಹೋಯ್ತು ನೋಡಿ ತಾಯಿ" ಎಂದೆ.

ರುದ್ರಮುನಿಯಪ್ಪನವರ ಮುಖ ಬಿಳಿಚಿತು. ಆದರೂ ದನಿ ಏರಿಸಿದರು. "ಗಂಡಸಿನ ತಲೆ ಯಾರ್ ನೋಡ್ತಾರೆ? ಪೇಟ ಸುತ್ತಿದ್ರೆ ಮುಗೀತು. ಗಂಡಿಗೂ ಹೆಣ್ಣಿಗೂ ಒಂದೇ ತಕ್ಕಡೀನಾ?"

"ಯಾರೂ ನೋಡದಿದ್ರೆ ಮಸಿ ಯಾಕೆ ಬಳಿಸಿದ್ರಿ? ಬೀದೀಲಿ ತೋರಿಸ್ತೀನಿ, ಜನಾನೇ ಹೇಳ್ಲಿ!" ಎಂದು ಫೋಟೋ ಎತ್ತಿ ಹಿಡಿದು ಬಾಗಿಲಿಗೆ ಹೋದೆ. ಗಲಾಟೆ ಕೇಳಿ ಎದುರಿನ ಹೋಟೆಲಿನಿಂದ ಆಗಲೇ ಏಳೆಂಟು ಜನ ಬಂದು ನಿಂತಿದ್ದರು. ಒಬ್ಬ ಇಣುಕಿ ನೋಡಿ ಕಿಸಕ್ಕನೆ ನಕ್ಕ. "ಮೇಷ್ಟ್ರೇ ಹೇಳಿದ್ದು ನನಗೆ ಅಳಿಸು ಅಂತ. ಹುಡುಗಿ ಅಳಿಸಬೇಡಿ ಅಂತಾನೇ ಹೇಳಿದ್ಲು. ಅದನ್ನೂ ಬರ್ಕೊಳ್ಳಿ!" ಎಂದು ಕಿರುಚಿದೆ. ಪದ್ಮರಾಜಯ್ಯ ತಲೆ ಮೇಲೆ ಕೈಯಿಟ್ಟುಕೊಂಡರು. ಕೆಲಸ ಹೋಯಿತು ಎಂದು ಗೊತ್ತಾಯಿತು. ಹೋದರೆ ಹೋಗಲಿ ಅನ್ನಿಸಿತು.

ರುದ್ರಮುನಿಯಪ್ಪ ಬೀದಿಯ ಜನರನ್ನು ಒಮ್ಮೆ ನೋಡಿ ಮೆಟ್ಟಿದ ಚಪ್ಪಲಿ ಬಿಟ್ಟರು. ಒಳಗೆ ಬಂದು ಮೇಷ್ಟರ ಹೆಗಲ ಮೇಲೆ ಕೈ ಹಾಕಿದರು. ದನಿ ಎಣ್ಣೆ ಹಚ್ಚಿದಷ್ಟು ನುಣ್ಣಗಾಗಿತ್ತು.

"ಬೀದಿ ರಂಪ ಯಾಕೆ ಮೇಷ್ಟ್ರೇ? ನಮ್ಮ ಹುಡುಗನ ತಲೆ ವಿಷಯ ನಿಮ್ಮ ಹೊಟ್ಟೇಲಿರ್ಲಿ. ನಿಮ್ಮ ಹುಡುಗಿ ಕೆನ್ನೆ ವಿಷಯ ನಾವು ನುಂಗ್ಕೋತೀವಿ. ಸರಿಗೆ ಸರಿ ಆಯ್ತಲ್ಲ. ಗೊತ್ತುಮಾಡಿದ ದಿನವೇ ನಿಶ್ಚಿತಾರ್ಥ." ಜೇಬಿನ ಕಾಗದ ತೆಗೆದು ನಾಲ್ಕು ಚೂರು ಮಾಡಿದರು.

"ದೊಡ್ಡ ಮನಸ್ಸು ಮಾಡಿದ್ರಿ ಸ್ವಾಮಿ, ದೊಡ್ಡ ಮನಸ್ಸು" ಎಂದು ಮೇಷ್ಟರು ಕಣ್ಣೊರೆಸಿಕೊಂಡರು. ಮಂಗಳಾಳನ್ನು ಯಾರೂ ಕೇಳಲಿಲ್ಲ. ಮೂವರೂ ಬೀದಿಗಿಳಿದು, ಛತ್ರ ಯಾವುದು, ಅಡುಗೆಯವರು ಯಾರು ಎಂದು ಮಾತಾಡಿಕೊಳ್ಳತೊಡಗಿದರು.

ನಾನು ಗೆದ್ದೆ ಎಂದುಕೊಂಡೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ನಾನೊಂದು ಒಳ್ಳೆಯ ಕೆಲಸ ಮಾಡಿದೆ, ಒಂದು ಹೆಣ್ಣಿನ ಮಾನ ಉಳಿಸಿದೆ ಎಂದು ಎದೆಯುಬ್ಬಿ ಬಂತು. ಅವಳು ಬಂದು ತಬ್ಬಿಕೊಳ್ಳುತ್ತಾಳೆ ಎಂದೇ ಕಾದೆ. ಮಂಗಳಾ ಗೋಡೆ ಬಿಟ್ಟು ನನ್ನ ಹತ್ತಿರ ಬಂದಳು. ಅವಳ ಕಣ್ಣಲ್ಲಿ ಅಷ್ಟು ದ್ವೇಷವನ್ನು ನಾನು ನಿರೀಕ್ಷಿಸಿರಲಿಲ್ಲ.

"ಅವರು ಹೋಗ್ತಿದ್ರು ಅಕ್ಕಾ" ಎಂದಳು. "ಬಾಗಿಲ ತನಕ ಹೋಗಿದ್ರು."

"ಆ ಕಾಗದ..." ಎಂದೆ.

"ಆ ಕಾಗದ ಊರೆಲ್ಲಾ ತಿರುಗಿದ್ರೆ ತಿರುಗ್ತಿತ್ತು. ಇಂಥ ಮನೆಯವರು ಯಾರೂ ಬರ್ತಿರಲಿಲ್ಲ, ಅಷ್ಟೇ ತಾನೇ? ಮೊದಲ ದಿನಾನೇ ನನ್ನ ಕೆನ್ನೆ ಉಜ್ಜಿದೋರ ಮನೇಲಿ ಇನ್ನು ಜನ್ಮವೆಲ್ಲಾ ನಾನಿರಬೇಕು. ಅವತ್ತು ನಾನು ಹೇಳಿದ್ದನ್ನ ಕೇಳ್ಲಿಲ್ಲ ನೀವು. ಇವತ್ತು ಕೇಳದೇನೇ ಮಾಡಿದ್ರಿ."

ಬೀದಿಯಿಂದ ರುದ್ರಮುನಿಯಪ್ಪನವರ ಹೆಂಡತಿ, "ಬಾಮ್ಮ ಮಂಗಳಾ, ಹೊತ್ತಾಯ್ತು" ಎಂದು ಕರೆದರು. ಆ ದನಿಯಲ್ಲಿ ಆಗಲೇ ಅತ್ತೆಯ ಸಲಿಗೆಯಿತ್ತು. ಮಂಗಳಾ ಮತ್ತೆ ನನ್ನ ಕಡೆ ನೋಡದೆ ಮೆಟ್ಟಿಲು ಇಳಿದಳು. ಹೋಟೆಲಿನ ಜನ ಇನ್ನೂ ಚದುರಿರಲಿಲ್ಲ. ಆ ಹೆಂಗಸು ನಡುಬೀದಿಯಲ್ಲೇ ಅವಳನ್ನು ನಿಲ್ಲಿಸಿಕೊಂಡು, ಅವಳ ಸೆರಗನ್ನು ತಾನೇ ತಲೆಯ ಮೇಲೆ ಎಳೆದು, ಎಡಗೆನ್ನೆ ಪೂರ್ತಿ ಮುಚ್ಚುವ ಹಾಗೆ ಕಿವಿಯ ಹಿಂದೆ ಸಿಕ್ಕಿಸಿದರು. ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಇನ್ನೂ ಸ್ವಲ್ಪ ಎಳೆದರು.