ತವರಿನ ಹೆಸರು

ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ ಶಿವಲಿಂಗವ್ವ ತಾನೇ ಮುಂದೆ ನಿಂತು, ತಟ್ಟೆಯ ಅಕ್ಕಿಯಲ್ಲಿ ಮಗನ ಕೈಯಿಂದ ‘ನಂದಾ’ ಎಂದು ಹೊಸ ಹೆಸರು ಬರೆಸಿದ್ದಳು. ಅಸಂಗಿ ಊರಿನ ಅವರ ಮನೆತನದಲ್ಲಿ ಅದೇ ರೂಢಿ. ಆಮೇಲೆ ತವರಿನ ಹೆಸರನ್ನು ಯಾರೂ ಎತ್ತುವುದಿಲ್ಲ.

ಈಗ ಆ ನಂದಾ ಗಡಿಯ ಈಚೆ, ಮಹಾರಾಷ್ಟ್ರದ ಜತ್ತಿನ ದವಾಖಾನೆಯಲ್ಲಿ ಮೈಯೆಲ್ಲ ಕೆಂಡವಾಗಿ, ಎಚ್ಚರವಿಲ್ಲದೆ ಮಲಗಿದ್ದಳು. ಎರಡನೆಯ ಹೆರಿಗೆಯ ನಂಜು ರಕ್ತಕ್ಕೇರಿತ್ತು. ಮೊದಲ ಹೆರಿಗೆಗೆ ತವರಿಗೆ ಹೋದಾಗ ವಿಜಾಪುರದಲ್ಲಿ ಯಾವುದೋ ಸೂಜಿ ಚುಚ್ಚಿದ್ದಕ್ಕೆ ಉಸಿರುಕಟ್ಟಿ, ಸಾವಿನ ಬಾಗಿಲು ತಟ್ಟಿ ಬಂದವಳು. ಯಾವ ಸೂಜಿ? ಶಿವಲಿಂಗವ್ವನಿಗೆ ತಿಳಿಯದು. ತಿಳಿದಿದ್ದ ಬೀಗತಿ ತೀರಿಹೋಗಿದ್ದಳು. ಮಗ ರವಿಕುಮಾರ ದ್ರಾಕ್ಷಿ ಲಾರಿ ಹತ್ತಿ ಹೋದವನು ಫೋನಿಗೆ ಸಿಗುತ್ತಿರಲಿಲ್ಲ.

“ಕಂಪ್ಯೂಟರದಾಗ ನೋಡ್ರಿ. ಎಲ್ಲಾರ ಜಡ್ಡೂ ಅದರಾಗ ಇರತೈತಂತಲ್ಲ?”

“ನಮ್ಮ ಸಾಂಗಲಿ ಜಿಲ್ಲಾದ್ದಷ್ಟ ಕಾಣತೈತಿ ಆಯಿ. ವಿಜಾಪುರ ಕರ್ನಾಟಕದ್ದು, ಅದು ಬ್ಯಾರೆ,” ಎಂದಳು ನರ್ಸ್ ಸುಲತಾನಾ.

“ನಮ್ಮ ಕುರಿ ದಿನಾ ಸೀಮಿ ದಾಟಿ ಮೇದು ಬರತಾವ. ಕುರಿಗಿಂತಾ ದಡ್ಡ ಏನವಾ ನಿಮ್ಮ ಪೆಟಗಿ?”

ಸುಲತಾನಾ ನಗಲಿಲ್ಲ. ವಿಜಾಪುರದ ದವಾಖಾನೆಗೆ ಫೋನು ಹಚ್ಚಿದಳು. ನಂದಾ ಎಂಬ ಬಾಣಂತಿ ಅಲ್ಲಿಗೆ ಬಂದೇ ಇರಲಿಲ್ಲವಂತೆ.

ಶಿವಲಿಂಗವ್ವನಿಗೆ ಥಟ್ಟನೆ ಹೊಳೆಯಿತು. ತವರಿನವರು ತವರಿನ ಹೆಸರನ್ನೇ ಬರೆಸಿರಬೇಕಲ್ಲ!

“ಭಾಗವ್ವ ಅಂತ ನೋಡಂತ ಹೇಳವಾ. ಶಿದ್ರಾಯನ ಮಗಳು ಭಾಗವ್ವ!”

ಸಿಕ್ಕಿತು. ಆದರೆ ಫೋನಿನ ಆಚೆಯ ಹುಡುಗಿ ಓದಿ ಹೇಳಲೊಲ್ಲಳು. “ಯಾರ್ಯಾರೋ ಫೋನ್ ಮಾಡಿ ಪೇಶಂಟರ ಗುಟ್ಟು ಕೇಳತಾರ್ರಿ. ಆಕಿನ್ನ ಮಾತಾಡಸ್ರಿ, ಇಲ್ಲಾ ಸಹಿ ತೊಗೊಂಡ ಬರ್ರಿ.”

“ನಿಮ್ಮ ಸಾಹೇಬ್ರನ ಕರಿ, ಲಗೂನ!” ಎಂದಳು ಸುಲತಾನಾ.

“ಆಪರೇಶನ್ದಾಗ ಅದಾರ್ರಿ.”

ಅವಳದೂ ತಪ್ಪೆನ್ನುವ ಹಾಗಿರಲಿಲ್ಲ. ಕತೆಯ ರಾಕ್ಷಸ ತನ್ನ ಜೀವವನ್ನು ಏಳು ಸಮುದ್ರದಾಚೆಯ ಗಿಳಿಯಲ್ಲಿಟ್ಟರೂ ರಾಜಕುಮಾರ ಹುಡುಕಿಕೊಂಡು ಹೋಗುತ್ತಾನೆ. ವಿಜಾಪುರಕ್ಕೆ ಬಸ್ಸೇ ಇತ್ತು. ಹೋಗಿ ಬರುವಷ್ಟು ಹೊತ್ತು ಮಾತ್ರ ಇರಲಿಲ್ಲ.

“ಇನ್ನು ಕಾಯುವ ಹಾಗಿಲ್ಲ. ಸೂಜಿ ಕೊಡದಿದ್ದರೆ ಉಳಿಯುವುದಿಲ್ಲ,” ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು.

“ಕೊಟ್ಟರ ಉಳೀತಾಳೇನ್ರಿ?”

ಅವರು ಸೂಜಿಗೆ ಔಷಧ ಎಳೆದುಕೊಂಡರು.

ಶಿವಲಿಂಗವ್ವ ಫೋನು ಕಸಿದುಕೊಂಡು ಸೊಸೆಯ ಕಿವಿಗೊತ್ತಿದಳು. “ಒಮ್ಮೆ ಹೂಂ ಅನ್ನು ನನ್ನವ್ವಾ. ಅಷ್ಟ ಸಾಕಂತ ಆಕಿಗೆ.”

“ಹಲೋ, ಯಾರ್ರಿ ಮಾತಾಡೋರು?” ಎಂದು ಆಚೆಯ ದನಿ ಕೇಳಿತು.

ಔಷಧ ನರದೊಳಕ್ಕೆ ಇಳಿಯಿತು. ಸೊಸೆಯ ಕುತ್ತಿಗೆಯ ಮೇಲೆ ಕೆಂಪು ಗಾದರಿಗಳೆದ್ದವು; ನೋಡನೋಡುತ್ತ ತುಟಿ ಬಾತುಕೊಂಡಿತು. ಡಾಕ್ಟರು ಕೂಗಿದರು, ಸುಲತಾನಾ ಓಡಿದಳು. ಈಗ ಯಾವ ಸೂಜಿಯೆಂಬುದು ಎಲ್ಲರಿಗೂ ಗೊತ್ತಾಗಿತ್ತು.